ಬಾಳೆತೋಟದ ವಿಯೆಟ್ನಾಂ

ಜನವರಿ 10, 1999, ಭಾನುವಾರ

ಇವರನ್ನು ಆಸ್ಪತ್ರೆಯಿಂದ ಲಂಡನ್ನಿನ ಅಂಚಿನ ಪಿನ್ನರಿನ ನಮ್ಮ ಮನೆಗೆ ಕರೆತಂದು ಒಂದು ವಾರವಾಯಿತು. ಕೋಲಿನ ಆಸರೆಯಲ್ಲಿ ನಡೆಯುತ್ತಾರೆ, ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ, ಮಾತು ಮಾತ್ರ ಬಂದಿಲ್ಲ. ಅಕ್ಟೋಬರಿನಲ್ಲಿ ಸ್ಟ್ರೋಕ್ ಆದಂದಿನಿಂದ ಡಾಕ್ಟರ್ ಆನಂದತೀರ್ಥರ ಬಾಯಿಂದ ಬರುವುದು ಒಂದು "ತತ್ತತ್ತ" ಅಷ್ಟೇ. ಹಸಿವಿಗೂ ಅದೇ, ಸಿಟ್ಟಿಗೂ ಅದೇ. ಅರಿವಳಿಕೆ ಕೊಡುವ ಡಾಕ್ಟರಾಗಿ ಈ ದೇಶದ ಅರ್ಧ ಜನರನ್ನು ಮಲಗಿಸಿ ಎಬ್ಬಿಸಿದವರು, ಈಗ ಒಂದು ಲೋಟ ನೀರು ಕೇಳಲಾರರು.

ಲೈಬ್ರರಿ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಮಾತಾಡುವವರಿಲ್ಲದ ಮನೆಯಲ್ಲಿ ಈ ಡೈರಿಯೇ ನನಗೆ ಗತಿ. ಇದನ್ನು ಯಾರೂ ಓದಬಾರದು, ಓದಿದರೆ ಅವರ ಹಣೆಬರಹ.

ಮಾತು ಕಲಿಸಲು ಸ್ಪೀಚ್ ಥೆರಪಿಸ್ಟ್ ಒಬ್ಬಳು ಮಂಗಳವಾರಗಳಂದು ಬರುತ್ತಾಳೆ. ಹೆಸರು ಹೆಲೆನ್. ನಮ್ಮ ಮಗಳು ಗಾರ್ಗಿಗಿಂತ ಸ್ವಲ್ಪ ದೊಡ್ಡವಳಿರಬಹುದು, ಕಾಲಿಗೆ ಗಂಡಸರ ಬೂಟು. ಮೊದಲ ದಿನವೇ ಫೈಲು ತೆಗೆದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದಳು. ಇಂಗ್ಲಿಷ್ ಎಂದೆ. ಮತ್ತೇನು ಹೇಳಬೇಕಿತ್ತು? ಇಲ್ಲಿನ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್ ಆಗಿದ್ದವರಿಗೆ ಇಂಗ್ಲಿಷ್ ಸಾಲದು ಅಂತ ಬರೆದುಕೊಂಡು ಹೋಗಿ, ಮುಂದಿನ ವಾರ ದುಭಾಷಿಯನ್ನು ಕರೆತಂದಾಳು. ಆ ಒಂದು ಅವಮಾನ ಬಾಕಿಯಿತ್ತು ನಮಗೆ.

ಸಂಜೆ ವಿಶಾಲಾಕ್ಷಿ ಫೋನ್ ಮಾಡಿದ್ದಳು. ಅವಳ ಗಂಡ ರಾಮಪ್ರಸಾದ್ ಹೃದಯದ ಡಾಕ್ಟರು, ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಇವಳು ಅಧ್ಯಕ್ಷರಿಗೇ ಅಧ್ಯಕ್ಷೆ. "ನೋಡೋಕೆ ಯಾವಾಗ ಬರೋಣ ನೀರಜಾ?" ಎಂದಳು. ನೋಡುವುದಕ್ಕೆ ಇಲ್ಲೇನು ದಸರಾ ಗೊಂಬೆ ಕೂರಿಸಿದ್ದೇನೆಯೇ? "ಅವರಿಗೆ ಈಗ ಏನೂ ತಿಳಿಯೋಲ್ಲ ಕಣ್ರೀ. ಜನ ಬಂದ್ರೆ ಗಾಬರಿಯಾಗ್ತಾರೆ. ಹುಷಾರಾದ ಮೇಲೆ ನಾನೇ ಹೇಳ್ತೀನಿ" ಎಂದು ಸಾಗಹಾಕಿದೆ. ಇವರು ಎದುರಿನ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು.

ಜನವರಿ 14

ಗಾರ್ಗಿ ಕ್ರಿಸ್‌ಮಸ್ ರಜೆಗೆ ಬಂದಾಗ ಅಟ್ಟದಿಂದ ಹಳೆಯ ವಿಡಿಯೋ ಟೇಪುಗಳ ಪೆಟ್ಟಿಗೆಯೊಂದನ್ನು ಇಳಿಸಿ, ಎಸೆದುಬಿಡು ಎಂದು ನನಗೆ ಹೇಳಿ ತಾನಿರುವ ಲೀಡ್ಸಿಗೆ ಹೊರಟುಹೋಗಿದ್ದಳು. ಇಳಿಸಿದವಳಿಗೆ ಎಸೆಯಲು ಏನಾಗಿತ್ತೋ. ಇವತ್ತು ಅದನ್ನು ಕಸದ ಡಬ್ಬಿಗೆ ಒಯ್ಯುತ್ತಿದ್ದೆ, ಇವರು ಎಡಗೈ ಎತ್ತಿ "ತತ್ತತ್ತ" ಎಂದರು. ಪೆಟ್ಟಿಗೆ ಕೆಳಗಿಟ್ಟೆ. ಟೀವಿ ಕಡೆ ಬೆರಳು ತೋರಿಸಿದರು. ಒಂದು ಟೇಪು ಹಾಕಿದೆ.

ದೇವರೇ, ಅದೂ ಒಂದು ಸಿನಿಮಾ. ಟೇಪಿನ ಡಬ್ಬಿಯ ರಟ್ಟಿನ ಮೇಲೆ ಬೆಂಕಿ ಉಗುಳುವ ಹೆಲಿಕಾಪ್ಟರುಗಳ ಹಿಂಡು, ತೋಳಿಲ್ಲದ ಅಂಗಿಯ ಜಟ್ಟಿ. ಒಳಗೆ ನೋಡಿದರೆ ಇರುವುದು ಒಂದೇ ಹೆಲಿಕಾಪ್ಟರ್, ಅದೂ ದಾರ ಕಟ್ಟಿ ಎಳೆದ ಆಟಿಕೆ. ವಿಯೆಟ್ನಾಂ ಕಾಡು ಎನ್ನುತ್ತಾರೆ, ಕಾಣುವುದು ಯಾರದೋ ಬಾಳೆತೋಟ. ಬಿದಿರಿನ ಅಟ್ಟಣೆಯೊಂದು ಸಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಅದೇ ಅಟ್ಟಣೆ ಇನ್ನೊಂದು ಕಡೆಯಿಂದ ಸಿಡಿಯುತ್ತದೆ. ಸೈನಿಕರು ಕುತ್ತಿಗೆಯವರೆಗೆ ನದಿಯಲ್ಲಿ ನಡೆದು ಬಂದು ದಡ ಹತ್ತಿದರೆ ಪ್ಯಾಂಟು ಗರಿಗರಿಯಾಗಿ ಒಣಗಿರುತ್ತದೆ. ಬಾಯಿ ಒಂದು ಆಡುತ್ತದೆ, ಮಾತು ಇನ್ನೊಂದು ಕೇಳುತ್ತದೆ. ತುಟಿ ನಿಂತ ಮೇಲೂ ಮಾತು ಹರಿಯುತ್ತಿರುತ್ತದೆ, ಸಂಘದ ವಾರ್ಷಿಕೋತ್ಸವದಲ್ಲಿ ರಾಮಪ್ರಸಾದರು ಮೈಕ್ ಹಿಡಿದಾಗ ಆಗುವಂತೆ.

ಇವರು ರೆಪ್ಪೆ ಬಡಿಯದೆ ನೋಡಿದರು. ಮದರಾಸಿನ ಡಿಸೆಂಬರ್ ಸಂಗೀತ ಕಚೇರಿಗಳಿಗೆಂದು ವರ್ಷವರ್ಷ ರಜೆ ಕೂಡಿಟ್ಟ ಮನುಷ್ಯ ಇವರೇ. ಆಸ್ಪತ್ರೆಯವರು ಮಿದುಳಿನ ಹಾನಿ ಎಂದು ತೋರಿಸಿದ ಚಿತ್ರ ಸುಳ್ಳಲ್ಲ ಅನ್ನಿಸಿತು.

ಜನವರಿ 17, ಭಾನುವಾರ

ಗಾರ್ಗಿಯ ಫೋನ್. ನಿನ್ನಪ್ಪ ನಿನ್ನ ಕಸ ನೋಡುತ್ತಿದ್ದಾರೆ ಎಂದೆ. ನಕ್ಕಳು.

"ಆಫ್ ಕೋರ್ಸ್ ಹೀ ಈಸ್. ಅಪ್ಪ ಲವ್ಸ್ ದೆಮ್. ನಾವಿಬ್ಬರೂ ಎವ್ರಿ ಸ್ಯಾಟರ್ಡೇ ನೋಡ್ತಿದ್ವಿ, ಅಮ್ಮಾ. ವೆನ್ ಯೂ ವರ್ ಅಟ್ ದ ಲೈಬ್ರರಿ."

ನಾನು ಲೈಬ್ರರಿಯಲ್ಲಿ ಶನಿವಾರದ ಪಾಳಿ ಮಾಡುತ್ತಿದ್ದಾಗ ಅಪ್ಪ ಮಗಳು ಪರದೆ ಎಳೆದುಕೊಂಡು ಇದನ್ನು ನೋಡುತ್ತಿದ್ದರಂತೆ. ನನಗೆ ಹೇಳಲಿಲ್ಲವೇಕೆ ಎಂದರೆ, ಯೂ ವುಡ್ ಹ್ಯಾವ್ ಮೇಡ್ ದ ಫೇಸ್, ಎಂದಳು. ಯಾವ ಮುಖ? ನನಗೆ ಇರುವುದು ಒಂದೇ ಮುಖ.

ಆಮೇಲೆ ಒಂದು ಉಪನ್ಯಾಸ. ಇವೆಲ್ಲ ಇಟಲಿಯವರು ತೆಗೆದ ಚಿತ್ರಗಳಂತೆ. ಅಮೆರಿಕದವರು ದೊಡ್ಡ ಯುದ್ಧಚಿತ್ರ ತೆಗೆದು ದುಡ್ಡು ಮಾಡಿದ್ದು ನೋಡಿ, ಅದರ ಕಾಲುಭಾಗವೂ ಇಲ್ಲದ ಖರ್ಚಿನಲ್ಲಿ ಫಿಲಿಪೀನ್ಸಿಗೆ ಹೋಗಿ ತೆಗೆಯುತ್ತಿದ್ದರಂತೆ. ನಿರ್ದೇಶಕ ರೋಮಿನವನು, ಹೆಸರು ಮಾತ್ರ ಅಮೆರಿಕದ್ದು. ಚಿತ್ರೀಕರಣದಲ್ಲಿ ಒಬ್ಬ ಇಟಾಲಿಯನ್ ಆಡುತ್ತಾನೆ, ಒಬ್ಬ ಇಂಗ್ಲಿಷ್, ಊರಿನವರು ತಮ್ಮದೇನೋ ಆಡುತ್ತಾರೆ. ಯಾರ ದನಿಯನ್ನೂ ಮುದ್ರಿಸಿಕೊಳ್ಳುವುದಿಲ್ಲ. ಆಮೇಲೆ ರೋಮಿನಲ್ಲಿ ಯಾರೋ ಕೂತು ಎಲ್ಲರ ಬಾಯಿಗೂ ಇಂಗ್ಲಿಷ್ ತುಂಬುತ್ತಾರೆ.

ತನ್ನ ಊರಿನಲ್ಲಿ, ತನ್ನ ಹೆಸರಿನಲ್ಲಿ, ತನ್ನ ಮಾತಿನಲ್ಲಿ ಇರುವವನು ಒಬ್ಬನೂ ಇಲ್ಲದ ಸಿನಿಮಾ. ಇಂಥ ನಾಚಿಕೆಗೇಡಿತನ ನಾನು ಕಂಡಿಲ್ಲ.

ಜನವರಿ 26, ಮಂಗಳವಾರ

ಹೆಲೆನ್ ಚಿತ್ರದ ಕಾರ್ಡು ಹಿಡಿದು "ವಾಟ್ ಈಸ್ ದಿಸ್, ಡಾಕ್ಟರ್?" ಎಂದು ರಾಗವಾಗಿ ಕೇಳುತ್ತಾಳೆ. ಕಪ್ಪು, ಕುರ್ಚಿ, ನಾಯಿ. ಇವರು ಚಹಾದ ಕಪ್ಪನ್ನು ನೋಡುತ್ತಾರೆ, ತುಟಿ ಒದ್ದಾಡುತ್ತದೆ, ಬೆವರು ಬರುತ್ತದೆ, "ತತ್ತತ್ತ." ವೆರಿ ಗುಡ್ ಎನ್ನುತ್ತಾಳೆ. ಏನು ಗುಡ್, ನನ್ನ ತಲೆ.

ಅವಳು ಹೋದ ಮೇಲೆ ಇವರು ಕಣ್ಣು ಮುಚ್ಚಿಕೊಂಡರು. ಬಾಳೆತೋಟದ ಟೇಪು ಹಾಕಿದ ಮೇಲೆಯೇ ತೆರೆದದ್ದು.

ಫೆಬ್ರವರಿ 2

ಮತ್ತೆ ಕಪ್ಪು, ಕುರ್ಚಿ, ನಾಯಿ. ಮತ್ತೆ ತತ್ತತ್ತ. ಇವತ್ತು ನನಗೆ ಭಯವಾಯಿತು. ಬರೆಯಲಿಕ್ಕೆ ಬೇರೇನೂ ಇಲ್ಲ.

ಫೆಬ್ರವರಿ 6, ಶನಿವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ಮಧ್ಯಾಹ್ನ ತಲೆ ಸಿಡಿಯುತ್ತಿತ್ತು. ಟೀವಿಯಲ್ಲಿ ಡಬಡಬ ಗುಂಡು. ಚಿತ್ರ ಇರಲಿ, ಶಬ್ದ ಬೇಡ ಎಂದು ಪೂರ್ತಿ ಇಳಿಸಿಬಿಟ್ಟೆ. ತುಟಿಗಳು ಸುಮ್ಮನೆ ಆಡುತ್ತಿದ್ದವು. ಒಬ್ಬ ಬೋಳುತಲೆಯ ಸಾರ್ಜೆಂಟ್ ತನ್ನ ಹುಡುಗರಿಗೆ ಏನೋ ಭಾರೀ ಉಪದೇಶ ಕೊಡುತ್ತಿದ್ದ. ನೋಡಲು ಥೇಟ್ ನಮ್ಮ ಅಧ್ಯಕ್ಷ ರಾಮಪ್ರಸಾದರು, ಕಿವಿಯ ಮೇಲಿನ ಕೂದಲು ಸಹಾ. ನನಗೆ ಯಾವ ಕೆಟ್ಟ ಬುದ್ಧಿ ಬಂತೋ, ಅವನ ಬಾಯಿಗೆ ನಾನೇ ಮಾತು ಕೊಟ್ಟೆ. ಅದೂ ಧಾರವಾಡದ ಕನ್ನಡದಲ್ಲಿ.

"ಏ ತಮ್ಮಾ, ಎಲ್ಲಿ ಹೊಂಟೀ? ಅಲ್ಲಿ ಬಾಂಬ್ ಅದ. ಚಾ ಕುಡದು ಹೋಗು."

ಎಳೆಯ ಸೈನಿಕನ ಬಾಯಿ ಅಲ್ಲಾಡಿತು. ಅವನಿಗೂ ಕೊಟ್ಟೆ. "ಇಲ್ರೀ ಸಾಹೇಬ್ರ, ಮನ್ಯಾಗ ಕಾಯ್ಲಿಕತ್ತಾರ. ಲಗೂನ ಸತ್ತು ಹೋಗಬೇಕು."

ಧಾರವಾಡದ ಮಾತು ಯಾಕೆಂದರೆ, ಅಣಕಕ್ಕೆ ನನಗೆ ಬರುವುದು ಅದೊಂದೇ. ಮದುವೆಯಾದ ಹೊಸದರಲ್ಲಿ ಇವರು ಹಾಗೆಯೇ ಆಡುತ್ತಿದ್ದರು. ನಾನು ಮೈಸೂರಿನವಳು, ಸಹಿಸಲಾಗುತ್ತಿರಲಿಲ್ಲ. ಇವರಂತೆ, ಇವರಮ್ಮನಂತೆ ಆಡಿ ತೋರಿಸಿ ನಗುತ್ತಿದ್ದೆ. ಒಂದೆರಡು ವರ್ಷದಲ್ಲಿ ಇವರು ಬಿಟ್ಟುಬಿಟ್ಟರು. ಆಮೇಲೆ ಮನೆಯಲ್ಲಿ ಶುದ್ಧವಾದ ಕನ್ನಡವಿತ್ತು, ಮಾತು ಸ್ವಲ್ಪ ಕಡಿಮೆಯಾಯಿತು ಅಷ್ಟೇ.

ಪಕ್ಕದಲ್ಲಿ ಏನೋ ಕುಲುಕಿದಂತಾಯಿತು. ತಿರುಗಿದರೆ ಇವರ ಭುಜ. ಮತ್ತೆ ಸ್ಟ್ರೋಕ್ ಎಂದು ಎದೆ ಒಡೆದುಹೋಯಿತು. ಅಲ್ಲ, ನಗುತ್ತಿದ್ದರು. ಅರ್ಧ ಮುಖದ ನಗು, ಆದರೂ ನಗು.

ನಿಲ್ಲಿಸಲಿಲ್ಲ ನಾನು. ಅಟ್ಟಣೆಯಿಂದ ಕೆನ್ನೆಯ ಮೇಲೆ ದೊಡ್ಡ ಮಚ್ಚೆಯಿದ್ದ ಕಾವಲುಗಾರನೊಬ್ಬ ಗುಂಡು ತಿಂದು ಎರಡೂ ಕೈ ಎತ್ತಿ ಬಿದ್ದ. "ಯಪ್ಪಾ, ಸತ್ತೆ. ಪಗಾರ ಯಾರು ಕೊಡ್ತೀರಿ?" ಎಂದೆ. ಲಾರಿಯೊಂದು ಬಂತು, ಸಿಡಿಯಿತು, ಅದರ ಚಾಲಕನಿಗೂ ಕೆನ್ನೆಯ ಮೇಲೆ ಅದೇ ಮಚ್ಚೆ. ಸತ್ತ. ಇನ್ನೂ ಸ್ವಲ್ಪ ಹೊತ್ತಿಗೆ ಬಾಳೆಯ ಮರೆಯಿಂದ ಚಾಕು ಹಿಡಿದು ಒಬ್ಬ ಹಾರಿದ. ಅದೇ ಮಚ್ಚೆ.

"ಮತ್ತ ಬಂದ," ಎಂದರು ಇವರು.

ನಾನು ಟೀವಿಯ ಕಡೆ ನೋಡಿದೆ. ಟೀವಿಗೆ ಶಬ್ದವಿರಲಿಲ್ಲ.

"ಮತ್ತ ಬಂದ, ಮಗ," ಎಂದರು ಮತ್ತೊಮ್ಮೆ. ಎಡಗೈಯಿಂದ ಪರದೆ ತೋರಿಸಿದರು.

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಕ್ಟೋಬರಿನಿಂದ ಕಾದ ಮೊದಲ ಮಾತು. ನನ್ನ ಹೆಸರಲ್ಲ, ದೇವರ ಹೆಸರಲ್ಲ. ಮಚ್ಚೆಯ ಫಿಲಿಪೀನ್ಸಿನವನ ವಿಚಾರ.

ಫೆಬ್ರವರಿ 7, ಭಾನುವಾರ

ಗಾರ್ಗಿಗೆ ಹೇಳಿದೆ. ಅತ್ತಳು. ಸಿನಿಮಾ ಬಗ್ಗೆ ಅಳುವಂಥದ್ದೇನಿಲ್ಲ ಎಂದೆ.

ಫೆಬ್ರವರಿ 20

ದಿನವೂ ಮಧ್ಯಾಹ್ನದ ಊಟವಾದ ಮೇಲೆ ಯುದ್ಧ. ಶಬ್ದ ಇಲ್ಲ, ಮಾತು ನನ್ನದು. ಬೋಳುತಲೆ ರಾಮಪ್ರಸಾದ್. ಸಿಗರೇಟು ಕಚ್ಚಿಕೊಂಡೇ ಸಾಯುವ ದಪ್ಪನೆಯವನು ಸಂಘದ ಖಜಾಂಚಿ ಶಾಂತಪ್ಪ. ಸೆರೆಸಿಕ್ಕ ಅಮೆರಿಕದ ಪತ್ರಕರ್ತೆ, ಕೆಸರಿನಲ್ಲೂ ಲಿಪ್‌ಸ್ಟಿಕ್ ಅಳಿಯದವಳು, ವಿಶಾಲಾಕ್ಷಿ. ಇವರು ನಡುನಡುವೆ ಒಂದೊಂದು ಮಾತು ಹಾಕುತ್ತಾರೆ. "ಓಡು." "ಹೊಡಿ ಅವಗ." "ಸತ್ತ." "ಸತ್ತಿಲ್ಲ." ನೀರು ಎನ್ನಲು ಬಾರದು, ಗ್ರೆನೇಡು ಎನ್ನಲು ಬರುತ್ತದೆ. ಎಂಥ ಮಿದುಳೋ.

ಪೆಟ್ಟಿಗೆಯ ಟೇಪುಗಳೆಲ್ಲ ಬಾಯಿಪಾಠವಾಗಿವೆ. ಪಕ್ಕದ ಹ್ಯಾರೋದಲ್ಲಿ ಕೊತ್ತಂಬರಿ ತರಲು ಹೋದವಳು ಹಳೆ ವಿಡಿಯೋಗಳ ಅಂಗಡಿಗೂ ಹೊಕ್ಕೆ. ಅಂಗಡಿಯವನು ಅಮೆರಿಕದ ಒಂದು ಚಿತ್ರ ಕೊಡಲು ಬಂದ. ಇದು ಬೇಡ, ಇಟಲಿಯವರದ್ದು ಬೇಕು, ನದಿಯ ಸೇತುವೆ ಕೊನೆಯಲ್ಲಿ ಸಿಡಿಯುವುದು ಇದೆಯಲ್ಲ, ಅದೇ ನಿರ್ದೇಶಕ ತೆಗೆದ ಬೇರೆ ಯಾವುದಾದರೂ ಇದ್ದರೆ ಕೊಡು ಎಂದೆ. ಅವನು ನನ್ನನ್ನೂ ನನ್ನ ಸೀರೆಯನ್ನೂ ನೋಡಿದ. ನೋಡಲಿ. ಅಮೆರಿಕದ್ದರಲ್ಲಿ ತುಟಿಗೆ ಮಾತು ಸರಿಯಾಗಿ ಕೂತುಬಿಟ್ಟಿರುತ್ತದೆ, ನಮಗೆ ಜಾಗವಿರುವುದಿಲ್ಲ.

ಕೊತ್ತಂಬರಿ ಮರೆತು ಬಂದೆ.

ಮಾರ್ಚ್ 2, ಮಂಗಳವಾರ

ತಿಂಗಳ ಕೊನೆಗೆ ಪರೀಕ್ಷೆಯಂತೆ. ಕಾರ್ಡುಗಳಿಗೆ ಆಗಲೂ ಉತ್ತರ ಬಾರದಿದ್ದರೆ ಹೆಲೆನ್ ಬರುವುದನ್ನು ನಿಲ್ಲಿಸುತ್ತಾಳೆ. ಸುಧಾರಿಸುವಷ್ಟು ಸುಧಾರಿಸಿದ್ದಾರೆ ಎಂದು ಬರೆದು, ಆ ಸಮಯವನ್ನು ಬೇರೆಯವರಿಗೆ ಕೊಡುತ್ತಾರಂತೆ. ಸುಧಾರಿಸುವಷ್ಟು ಎಂದರೆ ತತ್ತತ್ತ.

ಮನೆಯಲ್ಲಿ ಏನಾದರೂ ಮಾತು ಬರುತ್ತಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಬಾಳೆತೋಟದಲ್ಲಿ "ಹೊಡಿ ಅವಗ" ಎನ್ನುತ್ತಾರೆ ಎಂದು ಹೇಳಲೇ? ಕನ್ಸಲ್ಟೆಂಟ್ ಡಾಕ್ಟರ ಹೆಂಡತಿ ಸೋಫಾದಲ್ಲಿ ಕೂತು ಸಾರ್ಜೆಂಟನ ಹಾಗೆ ಕೂಗುತ್ತಾಳೆ ಎಂದು ಫೈಲಿಗೆ ಬೀಳಬೇಕೇ?

ಮಾರ್ಚ್ 21, ಭಾನುವಾರ

ಹೇಳದೆ ಕೇಳದೆ ಬಂದರು. ಯುಗಾದಿಯ ಹೋಳಿಗೆ ಹಿಡಿದುಕೊಂಡು ವಿಶಾಲಾಕ್ಷಿ, ಹಿಂದೆ ಸೂಟು ತೊಟ್ಟ ರಾಮಪ್ರಸಾದ್. ಗಂಟೆ ಬಾರಿಸುತ್ತಿದ್ದಂತೆ ನಾನು ಇವರು ಕೂತಿದ್ದ ಟೀವಿಯ ಕೋಣೆಯ ಬಾಗಿಲೆಳೆದು, ಮುಂದಿನ ಕೋಣೆಯಲ್ಲಿ ಬಂದವರನ್ನು ಕೂರಿಸಿದೆ.

"ಎಲ್ಲಿ ತೀರ್ಥರು?" ಎಂದರು ರಾಮಪ್ರಸಾದ್.

"ಮಲಗಿದ್ದಾರೆ. ಎಬ್ಬಿಸೋ ಹಾಗಿಲ್ಲ."

"ಪಾಪ," ಎಂದಳು ವಿಶಾಲಾಕ್ಷಿ. "ಎಂಥಾ ಮನುಷ್ಯ. ಹೀಗಾಗಬಾರದಿತ್ತು. ಮನೆಯಲ್ಲೇ ಇಟ್ಕೊಂಡು ಎಷ್ಟು ದಿನ ಅಂತ ನೋಡ್ಕೋತೀರಾ? ಈಗ ಒಳ್ಳೊಳ್ಳೆ ಕೇರ್ ಹೋಮ್‌ಗಳಿವೆ."

ಆಗ ಕೋಲಿನ ಸದ್ದು. ಬಾಗಿಲು ತೆರೆಯಿತು. ಇವರು ನಿಂತಿದ್ದರು, ಪಂಚೆ, ಸ್ವೆಟರ್, ಎರಡು ದಿನದ ಗಡ್ಡ. ರಾಮಪ್ರಸಾದರ ಬೋಳುತಲೆಯನ್ನು ನೋಡಿದ್ದೇ ಮುಖ ಅರಳಿತು.

"ಮತ್ತ ಬಂದ," ಎಂದರು. "ಸತ್ತಿಲ್ಲ ಇವಾ."

ಅಧ್ಯಕ್ಷರ ಮುಖ ಸುಣ್ಣದಂತಾಯಿತು. ಹೃದಯದ ಡಾಕ್ಟರಿಗೆ ಯಾರೂ ಹಾಗೆ ಹೇಳಿರಲಾರರು. ವಿಶಾಲಾಕ್ಷಿ ನನ್ನ ಕೈ ಒತ್ತಿದಳು, ಆ ಒತ್ತುವಿಕೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಚಹಾ ಕೂಡ ಕುಡಿಯದೆ ಹೊರಟರು. ಇಷ್ಟು ಹೊತ್ತಿಗೆ ಲಂಡನ್ನಿನ ಕನ್ನಡಿಗರಿಗೆಲ್ಲ ಸುದ್ದಿ ಮುಟ್ಟಿರುತ್ತದೆ.

ಬಾಗಿಲು ಹಾಕಿ ಬಂದು ಇವರ ಮೇಲೆ ಹರಿಹಾಯ್ದೆ. "ಜನರ ಮುಂದೆ ಬಾಯಿ ಮುಚ್ಕೊಂಡು ಇರೋಕಾಗಲ್ವಾ ನಿಮಗೆ?" ಎಂದೆ. ನಗುತ್ತಲೇ ನಿಂತಿದ್ದರು, ನಗು ನಿಂತಿತು. ಕೋಲೂರಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು.

ಹೋಳಿಗೆಗೆ ಬೆಲ್ಲ ಕಡಿಮೆಯಾಗಿತ್ತು.

ಮಾರ್ಚ್ 24

ಟೇಪು ಹಾಕಿದೆ. ಮುಖ ಕಿಟಕಿಯ ಕಡೆ ತಿರುಗಿಸಿದರು.

ಮಾರ್ಚ್ 26

ಮಾತಿಲ್ಲ. "ತತ್ತತ್ತ"ವೂ ಇಲ್ಲ. ಊಟಕ್ಕೆ ಕರೆದರೆ ಬರುತ್ತಾರೆ, ಬಡಿಸಿದ್ದು ತಿನ್ನುತ್ತಾರೆ. ಇಷ್ಟು ಹಟಮಾರಿ ಎಂದು ಗೊತ್ತಿರಲಿಲ್ಲ. ಬೆಳಿಗ್ಗೆ "ನಾನು ಹಾಗೆ ಹೇಳಬಾರದಿತ್ತು ರೀ" ಎಂದೆ. ತಟ್ಟೆಯನ್ನೇ ನೋಡುತ್ತಿದ್ದರು.

ಮಧ್ಯಾಹ್ನ ನಾನೊಬ್ಬಳೇ ಟೇಪು ಹಾಕಿಕೊಂಡು ಇಡೀ ಸಿನಿಮಾಕ್ಕೆ ಮಾತು ಕೊಟ್ಟೆ. ರಾಮಪ್ರಸಾದ್ ಉಪದೇಶ ಕೊಟ್ಟರು, ಶಾಂತಪ್ಪ ಸಿಗರೇಟು ಕಚ್ಚಿಕೊಂಡು ಸತ್ತ, ಸೇತುವೆ ಸಿಡಿಯಿತು. ಮಚ್ಚೆಯವನು ಬಂದಾಗಲೆಲ್ಲ ಸುಮ್ಮನಾಗಿ ಕಾದೆ. ಆ ಮಾತು ನನ್ನದಲ್ಲ, ನಾನು ಹೇಳುವ ಹಾಗಿಲ್ಲ. ಕೋಣೆಯಲ್ಲಿ ಟೇಪು ಸುತ್ತುವ ಸದ್ದು ಮಾತ್ರ. ಅವನು ಸತ್ತು ಸತ್ತು ಬಂದ, ಇವರು ತಿರುಗಿ ನೋಡಲಿಲ್ಲ.

ಮಾರ್ಚ್ 30, ಮಂಗಳವಾರ

ಪರೀಕ್ಷೆಯ ದಿನ. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂರಿಸಿದೆ.

ಹೆಲೆನ್ ಕಪ್ಪಿನ ಕಾರ್ಡು ಹಿಡಿದಳು. ಮೌನ. ಕುರ್ಚಿ. ಮೌನ. ನಾಯಿ. ಇವರು ಕಾರ್ಡನ್ನು ನೋಡಲೂ ಇಲ್ಲ, ಕಿಟಕಿಯಾಚೆಯ ಬೇಲಿಯನ್ನು ನೋಡುತ್ತಿದ್ದರು. ಮತ್ತೊಮ್ಮೆ ಎಲ್ಲವನ್ನೂ ಹಿಡಿದಳು. ಆಮೇಲೆ ಕಾರ್ಡುಗಳಿಗೆ ರಬ್ಬರ್ ಬ್ಯಾಂಡು ಹಾಕಿದಳು.

"ಐ ಆಮ್ ಸೋ ಸಾರಿ, ಮಿಸೆಸ್ ತೀರ್ಥ," ಎಂದಳು. ಹೆಸರನ್ನು ಅರ್ಧಕ್ಕೆ ಕತ್ತರಿಸುವ ಅಭ್ಯಾಸ ಅವಳಿಗೆ. ಪೆನ್ನು ತೆಗೆದು ಫೈಲಿನಲ್ಲಿ ಬರೆಯತೊಡಗಿದಳು.

ಅವಳು ಆ ಬಾಗಿಲು ದಾಟಿದರೆ ಈ ಮನೆ ಕೊನೆಯ ತನಕ ಹೀಗೇ ಇರುತ್ತದೆ ಅನ್ನಿಸಿತು. ಅಷ್ಟು ಭಯ ನನಗೆ ಆಸ್ಪತ್ರೆಯಲ್ಲಿಯೂ ಆಗಿರಲಿಲ್ಲ. ಅವಳ ಕೈಯಿಂದ ಕಾರ್ಡುಗಳನ್ನು ಕಿತ್ತುಕೊಂಡೆ. ಮೇಜಿನ ಮೇಲಿದ್ದ ಪೇಪರನ್ನು ಸುರುಳಿ ಸುತ್ತಿ ಬಂದೂಕು ಮಾಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಈ ಮಂಡಿನೋವಿನಲ್ಲಿ ಸೋಫಾದ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ.

"ಏ ತಮ್ಮಾ, ಕೆಳಗ ಬಗ್ಗು," ಎಂದೆ. "ಆ ಗುಡಿಸಲದಾಗ ವೈರಿಗಳು ಏನೋ ಇಟ್ಟು ಹೋಗ್ಯಾರ. ಬಾಂಬ್ ಏನು, ನೋಡಿ ಹೇಳು." ಸೋಫಾದ ಮೇಲಿಂದ ಕಪ್ಪಿನ ಕಾರ್ಡು ಎತ್ತಿ ಹಿಡಿದೆ.

ಹೆಲೆನ್ ಎದ್ದು ನಿಂತಳು. ನಾನು ಅವಳ ಕಡೆ ನೋಡಲಿಲ್ಲ. ಇವರು ಬೇಲಿಯನ್ನೇ ನೋಡುತ್ತಿದ್ದರು.

"ಲಗೂ ಹೇಳು ತಮ್ಮಾ. ಸಾರ್ಜೆಂಟಗ ವಯಸ್ಸಾಗೇದ, ಹಿಂಗ ಭಾಳ ಹೊತ್ತು ಕೂಡಲಿಕ್ಕೆ ಆಗೂದಿಲ್ಲ. ತಪ್ಪಾತು ಅಂತ ಸಾರ್ಜೆಂಟನ ಹೇಳ್ಲಿಕತ್ತಾನ. ಹೇಳೋ." ಕಾರ್ಡು ಕೈಜಾರಿ ಬಿತ್ತು, ಮತ್ತೆ ಎತ್ತಿ ಹಿಡಿದೆ.

ಇವರು ತಿರುಗಿದರು. ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು.

"ಬಾಂಬ್ ಅಲ್ಲ," ಎಂದರು. "ಕಪ್ಪು. ಚಾದ ಕಪ್ಪು."

ಮುಂದಿನದು ಹಿಡಿದೆ. "ಕುರ್ಚಿ." ನಾಯಿ ಹಿಡಿದೆ. "ನಾಯಿ," ಎಂದರು, ಸ್ವಲ್ಪ ಹೊತ್ತು ಬಿಟ್ಟು, "ಕಡೀತದ, ಸಾಹೇಬ್ರ."

ಹೆಲೆನ್ ಮೆಲ್ಲಗೆ ಕೂತಳು. ಅದು ಯಾವ ಭಾಷೆ ಎಂದು ಕೇಳಿದಳು. ಕನ್ನಡ, ಅದರಲ್ಲೂ ಧಾರವಾಡದ್ದು ಎಂದೆ. ಮನೆಯಲ್ಲಿ ಇಂಗ್ಲಿಷ್ ಎಂದು ಇಲ್ಲಿ ಬರೆದಿದೆಯಲ್ಲ ಎಂದಳು. ನೀನು ಕೇಳಿದ ರೀತಿ ಸರಿಯಿರಲಿಲ್ಲ ಎಂದೆ. ಬರೆದಿದ್ದನ್ನು ಹೊಡೆದುಹಾಕಿ, ಕಪ್ಪಿಗೆ ಕನ್ನಡದಲ್ಲಿ ಏನೆನ್ನುತ್ತಾರೆ, ಕುರ್ಚಿಗೆ ಏನೆನ್ನುತ್ತಾರೆ ಎಂದು ಒಂದೊಂದಾಗಿ ಇವರನ್ನೇ ಕೇಳಿ ಬರೆದುಕೊಂಡಳು. ಇನ್ನು ಮೇಲೆ ಇಬ್ಬರೂ ಸೇರಿ ಕಲಿಸೋಣ, ನೀವು ಮಾತಾಡಿ, ನಾನು ದಾರಿ ಹೇಳುತ್ತೇನೆ ಎಂದಳು. ಕೆಟ್ಟವಳಲ್ಲ, ಬೂಟು ಮಾತ್ರ ಬೇರೆ ತೆಗೆದುಕೊಳ್ಳಬೇಕು.

ಮಂಡಿಗೆ ಎಣ್ಣೆ ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್ 9

ನೀರು ಎಂದರು. ಕೊಟ್ಟೆ. ಅರ್ಧ ಗಂಟೆಗೆ ಮತ್ತೆ ನೀರು ಎಂದರು. ಇಡೀ ದಿನ ನೀರು ತಂದುಕೊಟ್ಟು ಕಾಲು ಬಿದ್ದುಹೋದವು. ಬಾಯಾರಿಕೆಯಿಂದಲ್ಲ, ಹೇಳಲು ಬರುತ್ತದೆ ಎಂಬ ಜಂಬಕ್ಕೆ.

ಏಪ್ರಿಲ್ 12

ವಿಶಾಲಾಕ್ಷಿಗೆ ನಾನೇ ಫೋನ್ ಮಾಡಿ, ಮುಂದಿನ ತಿಂಗಳು ಇಬ್ಬರೂ ಊಟಕ್ಕೆ ಬನ್ನಿ ಎಂದೆ. ತೀರ್ಥರು ಎಲ್ಲಿರ್ತಾರೆ ಎಂದು ಕೇಳಿದಳು. ಊಟದ ಮೇಜಿನ ತಲೆಗೆ, ಅವರ ಜಾಗದಲ್ಲಿ, ಇನ್ನೆಲ್ಲಿರ್ತಾರೆ ಎಂದೆ. ಏನಾದರೂ ಅಂದರೆ ಬೇಜಾರು ಮಾಡ್ಕೋಬೇಡಿ, ಈಗ ಅವರು ಮನಸ್ಸಿಗೆ ಬಂದದ್ದೇ ಹೇಳೋದು ಎಂದೆ.

ಏಪ್ರಿಲ್ 18, ಭಾನುವಾರ

ಮೊನ್ನೆ ಹ್ಯಾರೋದಿಂದ ತಂದ ಹೊಸ ಟೇಪು ನೋಡಿದೆವು. ಉಳಿದವಕ್ಕಿಂತ ಕೆಟ್ಟದ್ದು. ಕೊನೆಯಲ್ಲಿ ಮಳೆ ಬರುತ್ತದೆ, ಪೈಪಿನಿಂದ ಬಿಟ್ಟ ನೀರು, ಒಂದೇ ಬಾಳೆಗಿಡದ ಮೇಲೆ ಬೀಳುತ್ತದೆ. ಎಳೆಯ ಸೈನಿಕನಿಗೆ ಗುಂಡು ಬಿದ್ದಿದೆ, ಸಾರ್ಜೆಂಟನ ತೊಡೆಯ ಮೇಲೆ ತಲೆಯಿಟ್ಟು ಏನೋ ಹೇಳುತ್ತಿದ್ದಾನೆ. ಇಂಥ ಜಾಗದಲ್ಲಿ ನಾನು ಒಳ್ಳೆಯ ಮಾತು ಕೊಡುತ್ತೇನೆ. ಬಾಯಿ ತೆರೆದೆ.

ಇವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು.

"ನೀ ಸುಮ್ನಿರು," ಎಂದರು. "ನಾ ಹೇಳ್ತೀನಿ."

ಸುಮ್ಮನಾದೆ. ಇವರ ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಅಷ್ಟರಲ್ಲಿ ಹುಡುಗ ಸತ್ತ. ಸಾರ್ಜೆಂಟ್ ಅವನ ಕಣ್ಣು ಮುಚ್ಚಿದ, ಆಟಿಕೆ ಹೆಲಿಕಾಪ್ಟರ್ ಬಂತು, ಸುಳ್ಳು ಹೆಸರುಗಳು ಸಾಲಾಗಿ ಮೇಲೆ ಹೋದವು. ಟೇಪು ಮುಗಿದು ಪರದೆ ನೀಲಿಯಾಯಿತು. ಇವರು ಇನ್ನೂ ಹುಡುಕುತ್ತಿದ್ದರು. ಹಣೆಯ ನರ ಉಬ್ಬಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಎಷ್ಟೋ ಮಾತುಗಳಿದ್ದವು, ಯಾವುದನ್ನಾದರೂ ಕೊಟ್ಟುಬಿಡಬಹುದಿತ್ತು. ಹಲ್ಲು ಕಚ್ಚಿಕೊಂಡು ಕೂತೆ.

"ನಂಗ," ಎಂದರು. ತುಂಬ ಹೊತ್ತಾಯಿತು. "ನಂಗ ಎಲ್ಲಾ ಕೇಳಸ್ತಿತ್ತು, ನೀರಜಾ. ನೀ ಫೋನಿನ್ಯಾಗ ಹೇಳೂದು. ಎಲ್ಲಾ. ನಾ ಇಲ್ಲೇ ಇದ್ದೆ."

ಇವರ ಮಾತು ಸಿನಿಮಾದವರಷ್ಟೂ ಚೆನ್ನಾಗಿರಲಿಲ್ಲ. ಒಂದೊಂದು ಶಬ್ದಕ್ಕೂ ಎಡವಿದರು, ಬಾಯಿ ವಾರೆಯಾಯಿತು. ನಾನು ಅತ್ತೆ, ಇವರೆದುರಿಗೇ, ನಲ್ಲಿಯನ್ನೂ ಬಿಟ್ಟುಕೊಳ್ಳದೆ. ನನಗೆ ಗೊತ್ತಾಗಲಿಲ್ಲ ರೀ, ಎಂದೆ. ಇನ್ನೂ ಏನೇನೋ ಹೇಳಲು ಹೊರಟೆ, ಹೆಲೆನ್ ವಿಚಾರ, ಇಂಗ್ಲಿಷಿನ ವಿಚಾರ, ವಿಶಾಲಾಕ್ಷಿಯ ವಿಚಾರ. ಇವರು ಮಣಿಕಟ್ಟು ಬಿಟ್ಟಿರಲಿಲ್ಲ.

"ಇರ್ಲಿ," ಎಂದರು. "ಈಗ ನೀ ಕೇಳು."

ಗಾರ್ಗಿಯ ಫೋನ್ ಬಂತು. ಎತ್ತಲಿಲ್ಲ. ಇವರು ಮುಂದಿನ ಮಾತು ಹುಡುಕುತ್ತಿದ್ದರು, ನಾನು ಕೇಳುತ್ತ ಕೂತೆ.